ಬೈದವರ ಕೊರಳಿಗೆ

ನಮ್ಮ ಊರಿನಲ್ಲಿ ಕಾಲೇಜಿನ ಸಾಫ್ಟ್‌ಬಾಲ್ ತಂಡದ ಕೋಚನ್ನು ಯಾರೂ ಬೈಯುವುದಿಲ್ಲ. ಪರಸ್ಥಳದಿಂದ ಪಂದ್ಯ ನೋಡಲು ಬಂದವರು ಇದನ್ನು ಕಂಡು, ಈ ಜನ ಎಷ್ಟು ಸಂಭಾವಿತರು, ಸೋಲನ್ನು ಎಷ್ಟು ಸಮಾಧಾನದಿಂದ ನುಂಗಿಕೊಳ್ಳುತ್ತಾರೆ ಎಂದು ತಲೆದೂಗಿ ಹೋಗುತ್ತಾರೆ. ಸಂಭಾವಿತರೆಂಬ ಮಾತನ್ನು ನಾನು ಅಲ್ಲಗಳೆಯಲಾರೆ. ಊರಿನ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನನ್ನ ಕೈಕೆಳಗೆ ಪ್ರಬಂಧ ಬರೆದು ಕಲಿತವರು. ಆದರೆ ಸೋಲನ್ನು ನುಂಗಿಕೊಳ್ಳುವ ಮಾತು ಮಾತ್ರ ಶುದ್ಧ ಸುಳ್ಳು. ನಾವೂ ಬೈಯುತ್ತೇವೆ. ಹೊಟ್ಟೆ ತುಂಬ ಬೈಯುತ್ತೇವೆ. ಕುಂಬಳಕಾಯಿಗೆ ಬೈಯುತ್ತೇವೆ.

ಕಾರಣ ಸೀಟಿ. ಕೋಚ್ ಆದವನ ಕೊರಳಲ್ಲಿ ಹಸಿರು ದಾರಕ್ಕೆ ಕಟ್ಟಿದ ಒಂದು ಹಿತ್ತಾಳೆಯ ಸೀಟಿ ಇರುತ್ತದೆ. ಯಾರು ಅವನೆದುರು ನಿಂತು, ಅವನ ಕಿವಿಗೆ ಬೀಳುವಂತೆ, ಅವನನ್ನೇ ಕುರಿತು ಮನಸಾರೆ ಬೈಯುತ್ತಾರೋ, ಬೈದ ಮಾತು ಮುಗಿಯುವಷ್ಟರಲ್ಲಿ ಆ ಸೀಟಿ ಅವರ ಕೊರಳಿಗೆ ಬಂದು ಬಿದ್ದಿರುತ್ತದೆ. ಬಿದ್ದ ಮೇಲೆ ಅವರೇ ಕೋಚ್. ದಾರವನ್ನು ಕತ್ತರಿಸಹೋದರೆ ಕತ್ತರಿ ಮೊಂಡಾಗುತ್ತದೆ. ಸೀಟಿಯನ್ನು ಬಾವಿಗೆಸೆದರೆ ಊಟಕ್ಕೆ ಕೂರುವ ವೇಳೆಗೆ ಅದು ಒದ್ದೆಯಾಗಿ ಎದೆಯ ಮೇಲೆ ತೂಗಾಡುತ್ತಿರುತ್ತದೆ. ಹೊತ್ತು ಇಳಿದರೆ ಸಾಕು, ಕಾಲುಗಳು ಯಜಮಾನನ ಅಪ್ಪಣೆ ಕೇಳದೆ ಮೈದಾನದ ದಾರಿ ಹಿಡಿಯುತ್ತವೆ. ಇನ್ನೊಬ್ಬರು ಬಂದು ಬೈಯುವ ತನಕ ಬಿಡುಗಡೆಯಿಲ್ಲ. ಆಡುವ ಹುಡುಗಿಯರ ಬೈಗುಳ ಲೆಕ್ಕಕ್ಕಿಲ್ಲ. ಸೀಟಿ ಅವರ ಕಡೆ ತಿರುಗಿಯೂ ನೋಡುವುದಿಲ್ಲ.

ಹೀಗೆ ನಮ್ಮ ತಂಡಕ್ಕೆ ಹಲ್ಲಿನ ವೈದ್ಯರೊಬ್ಬರು ಕೋಚ್ ಆಗಿದ್ದರು, ಪುರೋಹಿತರೊಬ್ಬರು ಆಗಿದ್ದರು, ಬಸ್ ನಿಲ್ದಾಣದ ಕಂಟ್ರೋಲರ್ ಒಬ್ಬ ಆಗಿದ್ದ. ಪುರೋಹಿತರ ಆಳ್ವಿಕೆಯಲ್ಲಿ ರಾಹುಕಾಲ ಕಳೆಯುವ ತನಕ ನಮ್ಮ ಹುಡುಗಿಯರು ಬ್ಯಾಟು ಮುಟ್ಟುತ್ತಿರಲಿಲ್ಲ. ಎದುರಾಳಿಗಳಿಗೆ ರಾಹುವಿನ ಪರಿಚಯ ಅಷ್ಟಾಗಿ ಇರಲಿಲ್ಲವಾದ್ದರಿಂದ ಅವರು ಗೆದ್ದುಕೊಂಡು ಹೋಗುತ್ತಿದ್ದರು. ಕಂಟ್ರೋಲರನ ಕಾಲದಲ್ಲಿ ಓಡುವ ಹುಡುಗಿಯರು ಬೇಸು ಎಂಬ ಪ್ರತಿಯೊಂದು ತಂಗುದಾಣದಲ್ಲೂ ನಿಂತು, ಅವನು ಹೊರಡಿ ಎಂದ ಮೇಲೆಯೇ ಹೊರಡಬೇಕಾಗಿತ್ತು. ಇಂಥ ಅನುಭವಗಳಿಂದ ಪಾಠ ಕಲಿತ ಊರು ಮೆಲ್ಲಗೆ ಬಾಯಿ ಕಟ್ಟಿಕೊಂಡಿತು. ಆದರೆ ಬಾಯಿ ಕಟ್ಟಿದರೂ ಹೊಟ್ಟೆಯ ಉರಿ ಎಲ್ಲಿಗೆ ಹೋಗಬೇಕು? ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ಹಿರಿಯರು ದಾರಿ ತೋರಿಸಿಯೇ ಇದ್ದರು. ಮೊದಮೊದಲು ಜನ ಬೆಕ್ಕುಗಳನ್ನೇ ಕಂಕುಳಲ್ಲಿ ತಂದರು. ಬೆಕ್ಕು ಬೈಗುಳ ಮುಗಿಯುವ ತನಕ ಕೂರುವ ಪ್ರಾಣಿಯಲ್ಲ. ಕೊನೆಗೆ ಎಲ್ಲರಿಗೂ ಒಪ್ಪಿಗೆಯಾದದ್ದು ಕುಂಬಳಕಾಯಿ. ಅದು ತೊಡೆಯ ಮೇಲೆ ಕೂರುತ್ತದೆ, ದುಂಡಗೆ ಮುಖವಿದ್ದಂತೆ ಕಾಣುತ್ತದೆ, ಎದುರು ಮಾತಾಡುವುದಿಲ್ಲ. ಮೈದಾನದ ಗೇಟಿನಲ್ಲಿ ಟಿಕೆಟಿನ ಜತೆಗೇ ಕಾಯಿಯನ್ನೂ ಮಾರುವ ಪದ್ಧತಿ ಬಂತು. ಬೈಸಿಕೊಂಡ ಕಾಯಿ ಕಹಿಯಾಗುತ್ತದೆಂದು ಮನೆಗೆ ಯಾರೂ ಒಯ್ಯುವುದಿಲ್ಲ. ಅವೆಲ್ಲ ಸ್ಟ್ಯಾಂಡಿನ ಹಿಂದಿನ ಖಾನಾವಳಿಗೆ ಹೋಗಿ, ಪರಸ್ಥಳದ ತಂಡದವರ ಸಾರಿನಲ್ಲಿ ತೇಲುತ್ತವೆ. ಅವರು ಎರಡನೆಯ ಸಲ ಹಾಕಿಸಿಕೊಂಡು ಉಂಡಿದ್ದನ್ನು ನಾನೇ ಕಂಡಿದ್ದೇನೆ.

ಈ ಕಲೆಯಲ್ಲಿ ನನಗೆ ಸಮಾನರು ಯಾರೂ ಇರಲಿಲ್ಲ ಎಂದರೆ ಅದು ಆತ್ಮಪ್ರಶಂಸೆಯಲ್ಲ, ವಸ್ತುಸ್ಥಿತಿ. ನನ್ನ ಹೆಸರು ತುಂಗಾಬಾಯಿ, ಹೆಣ್ಣುಮಕ್ಕಳ ಶಾಲೆಯ ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾದವಳು, ಊರಿಗೆಲ್ಲ ಅಕ್ಕೋರು. ಬೇರೆಯವರು ಕಾಯಿಯನ್ನು ಗುದ್ದಿ, ಥೂ ಎಂದು, ಅಷ್ಟಕ್ಕೇ ತೃಪ್ತರಾಗುತ್ತಿದ್ದರು. ನಾನು ಪೀಠಿಕೆಯಿಂದ ಆರಂಭಿಸುತ್ತಿದ್ದೆ. ವಿಷಯ ನಿರೂಪಣೆ ಮಾಡುತ್ತಿದ್ದೆ, ದೃಷ್ಟಾಂತ ಕೊಡುತ್ತಿದ್ದೆ, ಉಪಸಂಹಾರಕ್ಕೆ ಬರುವ ವೇಳೆಗೆ ಸುತ್ತಲಿನ ಸಾಲುಗಳಲ್ಲಿ ಉಸಿರಾಟ ನಿಂತಿರುತ್ತಿತ್ತು. “ಎಲೈ ಕೂಷ್ಮಾಂಡವೇ, ಬಳ್ಳಿಯ ಕೃಪೆಯಿಂದ ಊದಿಕೊಂಡ ನೀನು, ನೆಲಕ್ಕಿಳಿದ ಮೇಲೆ ಉರುಳುವ ವಿದ್ಯೆಯನ್ನೂ ಮರೆತು ಕುಳಿತೆಯಲ್ಲ, ನಿನ್ನ ಸ್ಥೂಲಕಾಯಕ್ಕೆ ಸಾರ್ಥಕ್ಯವೆಂಬುದು ಹುಳಿಯ ಪಾತ್ರೆಯಲ್ಲಲ್ಲದೆ ಮತ್ತೆಲ್ಲಿ?” ಎಂದು ನಾನು ಒಂದು ಸಲ ಕೇಳಿದ್ದನ್ನು ಜನ ಮದುವೆಯ ಮನೆಗಳಲ್ಲಿ ಇಂದಿಗೂ ಹೇಳಿಕೊಂಡು ನಗುತ್ತಾರೆ. ನನ್ನ ಪಕ್ಕದ ಆಸನ ವಕೀಲ ಕುಲಕರ್ಣಿಯದು. ಅವನು ಬಹಳ ಎಚ್ಚರದ ಮನುಷ್ಯ. ಕಾಯಿಯನ್ನು ಬೈಯುವ ಮೊದಲು, ಈ ಮಾತುಗಳು ಸದರಿ ಕಾಯಿಗೆ ಮಾತ್ರ ಅನ್ವಯಿಸತಕ್ಕವು ಎಂದು ನಾಲ್ಕು ದಿಕ್ಕಿಗೂ ಕೇಳುವಂತೆ ಹೇಳಿಯೇ ಆರಂಭಿಸುತ್ತಿದ್ದ.

ನಾನು ಹೇಳಹೊರಟ ಕಾಲದಲ್ಲಿ ಸೀಟಿ ಇದ್ದದ್ದು ಬ್ಯಾಂಡ್ ಮಾಸ್ತರ ದುಂಡಪ್ಪನ ಕೊರಳಲ್ಲಿ. ಕ್ಲಾರಿಯೋನೆಟ್ ನುಡಿಸುವುದರಲ್ಲಿ ಅವನು ಈ ಸೀಮೆಗೇ ಹೆಸರಾದವನು. ಒಂದು ಸಂಜೆ ಕಂಟ್ರೋಲರನ ಮುಖಕ್ಕೆ ಮುಖ ಕೊಟ್ಟು, ನಿನಗಿಂತ ನನ್ನ ಡೋಲು ಬಾರಿಸುವವನೇ ಜೋರಾಗಿ ಓಡುತ್ತಾನೆ ಎಂದುಬಿಟ್ಟ. ಅಷ್ಟಕ್ಕೇ ಕೆಲಸ ಕೆಟ್ಟಿತು. ಮದುವೆಯ ಮೆರವಣಿಗೆಗಳು ಹೊರಡುವುದು ಸಂಜೆ. ದುಂಡಪ್ಪನ ಕಾಲು ಮೈದಾನಕ್ಕೆ ಎಳೆಯುವುದೂ ಸಂಜೆ. ಬ್ಯಾಂಡನ್ನು ಅವನ ಅಳಿಯ ನಡೆಸತೊಡಗಿದ. ಆ ಅಳಿಯನಿಗೆ ಬರುತ್ತಿದ್ದದ್ದು ಒಂದೇ ಧಾಟಿ. ವರನನ್ನು ಎದುರುಗೊಳ್ಳುವಾಗಲೂ ಅದೇ, ಮಗಳನ್ನು ಕಳಿಸಿಕೊಡುವಾಗಲೂ ಅದೇ. ತಾಯಂದಿರಿಗೆ ಎಲ್ಲಿ ಅಳಬೇಕೆಂದು ತಿಳಿಯದೆ ಹೋಯಿತು.

ದುಂಡಪ್ಪನ ಕೈಗೆ ಬಂದ ಮೇಲೆ ತಂಡ ಮೊದಲಿಗಿಂತಲೂ ಹೀನವಾಗಿ ಸೋಲತೊಡಗಿತು. ಜಿಂಕೆಯಂತೆ ಓಡುವ ಹುಡುಗಿಯನ್ನು ಅವನು ಬ್ಯಾಟಿನ ಹಿಂದೆ ಕುಕ್ಕರಗಾಲಿನಲ್ಲಿ ಕೂರಿಸಿದ. ಕೂತಲ್ಲೇ ನಿದ್ದೆ ಮಾಡಬಲ್ಲವಳನ್ನು ದೂರದ ಬೇಲಿಯ ಬಳಿ ಓಡಾಡಲು ನಿಲ್ಲಿಸಿದ. ಚೆಂಡೆಸೆಯುವ ಪಿಚರ್ ಸ್ಥಾನ ಈ ಆಟಕ್ಕೆ ಬೆನ್ನೆಲುಬು. ಅದಕ್ಕೆಂದೇ ಹುಟ್ಟಿದಂತಿದ್ದ ವೈಜಯಂತಿಯನ್ನು ಒಂದು ಪಂದ್ಯದಲ್ಲಿ ಮೂಲೆಗೆ ನಿಲ್ಲಿಸಿದರೆ ಮತ್ತೊಂದರಲ್ಲಿ ಇನ್ನೊಂದು ಮೂಲೆಗೆ. ಹಿಟ್ಟಿನ ಗಿರಣಿಯ ಶಂಕ್ರವ್ವನ ಮಗಳು ಅವಳು. ಜೋಳದ ಚೀಲ ಎತ್ತಿ ಎತ್ತಿ ಅವಳ ಬಲಗೈಗೆ ಅಂಥ ಕಸುವು ಬಂದಿತ್ತು. ಅವಳಿಗೆ ಚೆಂಡು ಕೊಡದಿರುವ ಮೂರ್ಖತನವನ್ನು ಕಂಡು ಊರು ಕುದಿಯಿತು. ಕಾಯಿಗಳ ವ್ಯಾಪಾರ ಹೆಚ್ಚಿತು. ನನ್ನ ವಾಕ್ಯಗಳು ದಿನದಿಂದ ದಿನಕ್ಕೆ ದೀರ್ಘವಾದವು. ನಾನು ಬೈಯುವಾಗಲೆಲ್ಲ ದುಂಡಪ್ಪ ಕೆಳಗಿನಿಂದ ಕತ್ತೆತ್ತಿ ನೋಡಿ, ಕೊರಳ ದಾರವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ನಾವೆಲ್ಲ ನಗುತ್ತಿದ್ದೆವು.

ಕೊನೆಯ ಪಂದ್ಯಕ್ಕೆ ಕೆಲವೇ ದಿನಗಳಿದ್ದಾಗ ಒಂದು ಮುಂಜಾನೆ ವೈಜಯಂತಿ ನನ್ನ ಮನೆಗೆ ಬಂದಳು. ಚಪ್ಪಲಿಯನ್ನು ಹೊರಗೆ ಬಿಟ್ಟು, ಹಿಟ್ಟು ಮೆತ್ತಿದ ಕೈಯನ್ನು ಬೆನ್ನಿಗೆ ಮರೆಮಾಡಿ ನಿಂತಳು. ಕೂರು ಎಂದರೆ ಕೂರಲಿಲ್ಲ.

“ಅಕ್ಕೋರ, ದುಂಡಪ್ಪ ಮಾಸ್ತರು ದಡ್ಡ ಅಲ್ರಿ. ಬೇಕಂತನ ಸೋಲಸಾಕತ್ತಾರ.”

ಯಾರು ಹೇಳಿದರೆಂದು ಕೇಳಿದೆ. ಅವರೇ ಹೇಳಿದರು ಎಂದಳು. ತನ್ನನ್ನು ಯಾಕೆ ಮೂಲೆಗೆ ನಿಲ್ಲಿಸುತ್ತೀರೆಂದು ಅವಳು ದುಂಡಪ್ಪನನ್ನು ತಡೆದು ಕೇಳಿದಳಂತೆ. ಅವನು ಕೈಮುಗಿದನಂತೆ. ಯಾರಾದರೂ ಒಬ್ಬರು ಬೈದರೆ ಸಾಕು, ತಾನು ಕ್ಲಾರಿಯೋನೆಟ್ ಹಿಡಿದು ಬದುಕಿಕೊಳ್ಳುತ್ತೇನೆ, ಅದಕ್ಕಾಗಿಯೇ ಇಷ್ಟು ಕೆಟ್ಟದಾಗಿ ಆಡಿಸುತ್ತಿದ್ದೇನೆ, ಈ ಊರಿನ ಮಂದಿ ಇಷ್ಟಕ್ಕೂ ಬಾಯಿ ಬಿಡುವುದಿಲ್ಲವಲ್ಲ, ಇನ್ನೂ ಹೇಗೆ ಕೆಡಿಸಲಿ ನೀನೇ ಹೇಳು ತಂಗಿ ಎಂದು ಅವಳನ್ನೇ ಸಲಹೆ ಕೇಳಿದನಂತೆ. ಅವಳು ಅಲ್ಲಿಯೇ ಅವನನ್ನು ಬಾಯಿಗೆ ಬಂದಂತೆ ಬೈದಳು. ಆಡುವವಳ ಬೈಗುಳ; ಸೀಟಿ ಅಲ್ಲಾಡಲಿಲ್ಲ. ದುಂಡಪ್ಪನ ಕಣ್ಣಲ್ಲಿ ನೀರು ಬಂತು.

ಇದನ್ನು ಕೇಳಿ ನನಗೆ ಮೊದಲು ಬಂದದ್ದು ನಗು. ಎರಡು ವರ್ಷ ಅವನು ನಮ್ಮನ್ನು ಕೆಣಕಿದ್ದಾನೆ, ನಾವು ಎರಡು ವರ್ಷ ಸಂಯಮದ ಶಿಖರವೇರಿ ಕುಳಿತಿದ್ದೇವೆ. ಆದರೆ ಹುಡುಗಿ ನಗಲಿಲ್ಲ.

“ನೀವು ಒಂದು ಸಲ ಅವರಿಗೆ ಬೈರಿ, ಅಕ್ಕೋರ. ನಿಮ್ಮಂಗ ಬೈಯಾವ್ರು ಊರಾಗ ಯಾರದಾರ?”

ಹೊಗಳಿಕೆ ಸತ್ಯವಾಗಿದ್ದರಿಂದ ಅದನ್ನು ಸ್ವೀಕರಿಸಿದೆ, ಕೋರಿಕೆಯನ್ನು ನಿರಾಕರಿಸಿದೆ. ನನ್ನ ವಯಸ್ಸು, ಮಂಡಿಯ ನೋವು, ಮೈದಾನದ ಧೂಳು, ಮುಖ್ಯಾಧ್ಯಾಪಕಿಯಾಗಿದ್ದವಳ ಘನತೆ, ಇವುಗಳನ್ನೆಲ್ಲ ಕ್ರಮವಾಗಿ ವಿವರಿಸಿದೆ. ಗೆಲುವು ಸೋಲುಗಳನ್ನು ಸಮನಾಗಿ ಕಾಣುವುದೇ ಆಟದ ಪರಮಾರ್ಥವೆಂದೂ ಹೇಳಿದೆ. ಅವಳು ಕೊನೆಯ ತನಕ ಕೇಳಿಸಿಕೊಂಡಳು.

“ಸಮನಾಗಿ ಕಾಣಾಕ ಗೆಲುವನ್ನೂ ಒಮ್ಮೆ ಕಾಣಬೇಕಲ್ರಿ. ನಾ ಕಾಲೇಜಿಗೆ ಬಂದಾಗಿಂದ ಆಡೀನಿ, ಒಂದು ಸಲಾನೂ ಗೆದ್ದಿಲ್ಲ. ಶನಿವಾರ ಕಡೀ ಮ್ಯಾಚು. ಅದು ಮುಗದ್ರ ನಾ ಗಿರಣ್ಯಾಗ ಕುಂದ್ರಾಕಿ. ಗೆದ್ದಾಗ ಹೆಂಗ ಅನಸ್ತೈತಿ ಅಂತ ಗೊತ್ತಾಗದನ ಮುಗದ್ಹೋಗತೈತಿ.”

ಚಹಾ ಮಾಡುತ್ತೇನೆ ಎಂದೆ. ಬೇಡವೆಂದಳು. ಚಪ್ಪಲಿ ಮೆಟ್ಟಿಕೊಂಡು, ಅಂಗಳದಲ್ಲಿ ನಿಂತು, ಸ್ವಲ್ಪವೂ ಒರಟಾಗದ ದನಿಯಲ್ಲಿ ಒಂದು ಮಾತು ಕೇಳಿದಳು.

“ಮಂದಿ ಈಗ ಆಟ ನೋಡಾಕ ಬರಂಗಿಲ್ಲ ಅಕ್ಕೋರ, ನಿಮ್ಮ ಮಾತು ಕೇಳಾಕ ಬರ್ತಾರ. ನಾವು ಗೆದ್ದಿವಿ ಅಂದ್ರ ನೀವೇನು ಮಾಡ್ತೀರಿ?”

ಅವಳು ಹೋದ ಮೇಲೆ ಆ ಪ್ರಶ್ನೆ ಗಂಟಲಿಗೆ ಸಿಕ್ಕ ಮೆಣಸಿನಕಾಯಿಯ ಬೀಜದಂತೆ ನನ್ನಲ್ಲಿಯೇ ಉಳಿಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದಕ್ಕೊಂದು ಸೊಗಸಾದ ಉತ್ತರ ಹೊಳೆಯಿತು. ಮೂರು ಉಪವಾಕ್ಯಗಳ, ತೂಕವಾದ ಉತ್ತರ. ಆದರೆ ಪ್ರಶ್ನೆ ಕೇಳಿದವಳು ಎದುರಿಗಿರಲಿಲ್ಲ. ಗಿರಣಿಯ ತನಕ ಹೋಗಿ ಅದನ್ನು ಹೇಳಿಬರುವುದು ನನ್ನ ಘನತೆಗೆ ತಕ್ಕುದಾಗಿರಲಿಲ್ಲ.

ಶನಿವಾರ ಹೊಳೆಯಾಚೆಯ ಕಾಲೇಜಿನ ತಂಡ ಬಂತು. ಹುಡುಗಿಯರು ಖಾನಾವಳಿಯಲ್ಲಿ ಹುಳಿಯನ್ನ ಹೊಡೆದು ಹಸನ್ಮುಖಿಗಳಾಗಿ ಮೈದಾನಕ್ಕಿಳಿದರು. ಸ್ಟ್ಯಾಂಡ್ ಭರ್ತಿಯಾಗಿತ್ತು. ನಾನು ಆ ದಿನಕ್ಕೆಂದೇ ಬೂದಿ ಬಣ್ಣದ, ಗಂಭೀರ ಮುಖದ ಕಾಯಿಯೊಂದನ್ನು ಆರಿಸಿ ತಂದಿದ್ದೆ. ಜನ ನನಗಾಗಿ ಎಡೆ ಬಿಟ್ಟರು. ಕುಲಕರ್ಣಿ ಎದ್ದುನಿಂತು ನನ್ನ ಆಸನದ ಧೂಳು ಕೊಡವಿದ.

ಇದು ವರ್ಷದ ಕೊನೆಯ ಅವಕಾಶವಾದ್ದರಿಂದ ದುಂಡಪ್ಪ ತನ್ನ ಬುದ್ಧಿಯನ್ನೆಲ್ಲ ಖರ್ಚುಮಾಡಿದ್ದ. ವೈಜಯಂತಿಯನ್ನು ಮೂಲೆಗೂ ನಿಲ್ಲಿಸಲಿಲ್ಲ. ಬೆಂಚಿನ ಮೇಲೆ ಕೂರಿಸಿ, ಕೈಗೊಂದು ನೀರಿನ ತಂಬಿಗೆ ಕೊಟ್ಟ. ಚೆಂಡನ್ನು ಕೊಟ್ಟದ್ದು ರೇಣುಕೆಗೆ. ರೇಣುಕೆ ಬಹಳ ಒಳ್ಳೆಯ ಹುಡುಗಿ. ಎಸೆಯುವ ಮೊದಲು ಕಣ್ಣು ಮುಚ್ಚಿಕೊಳ್ಳುವುದು ಅವಳ ಅಭ್ಯಾಸ. ಅವಳ ಮೊದಲ ಚೆಂಡು ಅಂಪೈರನ ಟೊಪ್ಪಿಗೆಗೆ ಬಡಿಯಿತು. ಎರಡನೆಯದು ಎಲ್ಲಿಗೆ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಆಚೆಯ ಹುಡುಗಿಯರು ಹೊಡೆದರು, ಓಡಿದರು, ಬೇಸುಗಳನ್ನು ಸುತ್ತಿ ಬಂದರು, ಮತ್ತೆ ಹೊಡೆದರು. ಆಟ ಕಾಲುಭಾಗ ಕಳೆಯುವುದರೊಳಗೆ ಅವರಿಗೆ ಐದು ರನ್, ನಮಗೆ ಸೊನ್ನೆ. ಸ್ಟ್ಯಾಂಡಿನ ತುಂಬ ಕಾಯಿಗಳ ಮೇಲೆ ಮುಷ್ಟಿಗಳು ಬೀಳುವ ದಬದಬ ಸದ್ದು ಎದ್ದಿತು. ಕುಲಕರ್ಣಿ ತನ್ನ ಸದರಿ ಕಾಯಿಗೆ ಗಲ್ಲು ಶಿಕ್ಷೆ ವಿಧಿಸಿ ಮುಗಿಸಿ, ನನ್ನ ಕಡೆ ನೋಡಿದ. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಎದ್ದು ಸೆರಗು ಸರಿಮಾಡಿಕೊಂಡು, ಕಾಯಿಯನ್ನು ಎಡಗೈಯಲ್ಲಿ ಹಿಡಿದು ಆರಂಭಿಸಿದೆ. ಅಂದಿನ ಪೀಠಿಕೆ ನನ್ನ ಜೀವಮಾನದ ಅತ್ಯುತ್ತಮ ರಚನೆಗಳಲ್ಲೊಂದು. ಕೆಳಗಿನ ಸಾಲಿನವರು ಕೇಳಲು ಹಿಂದಕ್ಕೆ ತಿರುಗಿ ಕುಳಿತರು. ಅವರ ಕೆಳಗಿನವರೂ ತಿರುಗಿದರು. ಕ್ರಮೇಣ ಇಡೀ ಸ್ಟ್ಯಾಂಡು ಮೈದಾನಕ್ಕೆ ಬೆನ್ನುಮಾಡಿ ನನ್ನೆಡೆಗೆ ಮುಖವೆತ್ತಿತು. ದೃಷ್ಟಾಂತಕ್ಕೆ ಬರುವಾಗ ನಾನು ಅಷ್ಟು ತಲೆಗಳ ಮೇಲಿನಿಂದ ಕೆಳಗೆ ನೋಡಿದೆ. ವೈಜಯಂತಿ ಬೆಂಚಿನ ಮೇಲೆ ತಂಬಿಗೆ ಹಿಡಿದು ಕುಳಿತಿದ್ದಳು. ಅವಳು ಆಟವನ್ನು ನೋಡುತ್ತಿರಲಿಲ್ಲ. ಸ್ಟ್ಯಾಂಡನ್ನು ನೋಡುತ್ತಿದ್ದಳು, ಸಾಲುಸಾಲಾಗಿ ಅವಳಿಗೆ ಕಾಣುತ್ತಿದ್ದದ್ದು ಊರಿನ ಬೆನ್ನುಗಳು.

ನಾನು ಬದುಕಿನಲ್ಲಿ ಒಂದು ವಾಕ್ಯವನ್ನೂ ಕ್ರಿಯಾಪದವಿಲ್ಲದೆ ಬಿಟ್ಟವಳಲ್ಲ. ಅಂದು ಬಿಟ್ಟೆ. ಕಾಯಿಯನ್ನು ಕುಲಕರ್ಣಿಯ ತೊಡೆಯ ಮೇಲಿಟ್ಟು ಮೆಟ್ಟಿಲಿಳಿಯತೊಡಗಿದೆ. ಅಕ್ಕೋರೇ, ಉಪಸಂಹಾರ ಎಂದು ಯಾರೋ ಹಿಂದಿನಿಂದ ನೆನಪಿಸಿದರು. ಮಂಡಿ ನೋಯುತ್ತಿತ್ತು, ಆದ್ದರಿಂದ ಇಳಿಯಲು ಸಾಕಷ್ಟು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಯಾರಾದರೂ ತಡೆಯುತ್ತಾರೇನೋ ಎಂಬ ಆಸೆ ನನಗಿತ್ತು. ಯಾರೂ ತಡೆಯಲಿಲ್ಲ.

ನಾನು ಬರುವುದನ್ನು ಕಂಡು ದುಂಡಪ್ಪನ ಮುಖ ಅರಳಿತು. ಆಟವನ್ನು ನಿಲ್ಲಿಸುವಂತೆ ಅಂಪೈರನಿಗೆ ಸನ್ನೆ ಮಾಡಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕೊರಳನ್ನು ಮುಂದೆ ಚಾಚಿ, ಮುಡಿ ಕೊಡಲು ಕುಳಿತ ಭಕ್ತನಂತೆ ತಲೆಬಾಗಿ ನಿಂತ. ನಾನು ಅವನೆದುರು ನಿಂತು ಗಂಟಲು ಸರಿಮಾಡಿಕೊಂಡೆ. ಹೇಳಿದೆ: ಯಾವನು ಸಮೂಹದ ಕ್ಷೇಮಕ್ಕೆ ನಿಯುಕ್ತನಾಗಿ ಸಮೂಹದ ಕ್ಷಯಕ್ಕೆ ಶ್ರಮಿಸುವನೋ, ಅಂಥವನ ಬುದ್ಧಿಯು ಎಣ್ಣೆಯಿದ್ದೂ ಬತ್ತಿಯನ್ನು ನೀರಿನಲ್ಲದ್ದಿದ ದೀಪಕ್ಕೆ ಸಮಾನವೆಂದು ತಿಳಿಯತಕ್ಕದ್ದು.

ಸೀಟಿ ಅವನ ಎದೆಯಿಂದ ಬೆರಳಿನಷ್ಟು ಮೇಲೆದ್ದಿತು, ಯೋಚಿಸಿತು, ಮತ್ತೆ ಮಲಗಿತು.

ದುಂಡಪ್ಪ ಕತ್ತೆತ್ತಿ, ಬಹಳ ವಿನಯದಿಂದ ಕೇಳಿದ. “ಸಿಟ್ಟಾಗಬ್ಯಾಡ್ರಿ ಅಕ್ಕೋರ. ಇದು ನನಗೋ, ಕಾಯಿಗೋ?”

ಸ್ಟ್ಯಾಂಡಿನಲ್ಲಿ ನಗು ಹಬ್ಬಿತು. ಅಷ್ಟು ವರ್ಷ ನನ್ನ ಮಾತಿಗೆ ನಕ್ಕ ಜನ ಮೊದಲ ಸಲ ನನ್ನನ್ನು ಕಂಡು ನಕ್ಕರು. ಆ ಎರಡು ನಗುಗಳ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ನಾನು ಮತ್ತೊಂದು ದೃಷ್ಟಾಂತಕ್ಕೆ ಕೈಹಾಕಿದೆ. ಹಾಯಿಯಿಲ್ಲದ ಹಡಗು, ಅದರಲ್ಲಿ ನಿದ್ದೆ ಮಾಡುವ ನಾವಿಕ. ದುಂಡಪ್ಪ ಕಣ್ಣುಮುಚ್ಚಿ, ಬಂತು, ಬಂತು, ಇನ್ನೊಂಚೂರು ಎಂದು ಹುರಿದುಂಬಿಸಿದ. ಸೀಟಿ ಹಡಗಿಗೂ ಒಲಿಯಲಿಲ್ಲ. ಬೆಂಚಿನ ಕಡೆ ನೋಡಿದೆ. ವೈಜಯಂತಿ ಎದ್ದು ನಿಂತಿದ್ದಳು. ತಂಬಿಗೆಯನ್ನು ಕೆಳಗಿಡಬೇಕೆಂಬುದೂ ಅವಳಿಗೆ ಮರೆತುಹೋಗಿತ್ತು; ಎರಡೂ ಕೈಯಿಂದ ಅದನ್ನು ಚೆಂಡಿನಂತೆ ಎದೆಗೊತ್ತಿ ಹಿಡಿದಿದ್ದಳು. ಆಗ ನನಗೆ ಏನಾಯಿತೋ ಹೇಳಲಾರೆ. ಶಾಲೆಗೆ ಸೇರುವ ಮೊದಲು, ಹಿತ್ತಲಲ್ಲಿ ಎಮ್ಮೆ ಕಟ್ಟುತ್ತ ನಮ್ಮಜ್ಜಿ ಆಡುತ್ತಿದ್ದ ಮಾತು, ಯಾವ ಪುಸ್ತಕವನ್ನೂ ಹಾಯದೆ ನೆಟ್ಟಗೆ ನಾಲಿಗೆಗೆ ಬಂತು.

“ಲೇ ದುಂಡ್ಯಾ, ನೀ ವಾಲಗಾ ಊದಬೇಕಂತ ಈ ಹುಡುಗೀ ಆಟ ಎಲ್ಲಾ ಮಣ್ಣಿಗೆ ಹಾಕಿದ್ಯಲ್ಲೋ. ಚೆಂಡು ಹಿಡಿಯೂ ಕೈಯಾಗ ತಂಬಿಗಿ ಕೊಟ್ಟು ಕೂಡಿಸೀದಿ. ನಾಚಿಗಿ ಬರೂದಿಲ್ಲೇನೋ ನಿನಗ, ಖೋಡಿ?”

ಕೊರಳಿಗೆ ಏನೋ ತಣ್ಣಗೆ ತಾಗಿತು.

ದುಂಡಪ್ಪ ತನ್ನ ಎದೆಯನ್ನು ತಡವಿದ. ಅಲ್ಲಿ ಏನೂ ಇರಲಿಲ್ಲ. ಧೂಳಿನಲ್ಲಿಯೇ ಅಡ್ಡಬಿದ್ದು ನನ್ನ ಎರಡೂ ಕಾಲು ಹಿಡಿದುಕೊಂಡ. ಬೈಸಿಕೊಂಡವನು ಅಷ್ಟು ಕೃತಜ್ಞನಾಗಿದ್ದನ್ನು ನನ್ನ ಅಧ್ಯಾಪನದ ಕಾಲದಲ್ಲಿಯೂ ಕಂಡಿರಲಿಲ್ಲ. ಎದ್ದವನು ಓಡಲು ಹೊರಟ. ನಾನು ಅವನ ತೋಳು ಹಿಡಿದೆ. ಈ ಆಟವನ್ನು ಮೇಲಿನಿಂದ ನೋಡಿ ಟೀಕಿಸುವುದಕ್ಕೆ ನನ್ನಷ್ಟು ಅರ್ಹರು ಬೇರೆ ಇರಲಾರರು. ಆದರೆ ಕೆಳಗೆ ನಿಂತು ನೋಡಿದಾಗ ಮೈದಾನ ಬೇರೆಯೇ ಆಗಿ ಕಾಣುತ್ತದೆ, ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಇಷ್ಟು ಪರಿಪೂರ್ಣವಾಗಿ ಕೆಡಿಸಿದವನಿಗೆ ಸರಿಯಾದದ್ದು ಏನೆಂದು ಚೆನ್ನಾಗಿ ಗೊತ್ತಿರಲೇಬೇಕು ಎಂದು ಅವನನ್ನು ಕೇಳಿದೆ. ಅವನು ಒಂದೇ ಉಸಿರಿಗೆ ಒಪ್ಪಿಸಿದ. ರೇಣುಕೆ ಬೇಲಿಯ ಬಳಿ, ನಿದ್ದೆಯವಳು ಬ್ಯಾಟಿನ ಹಿಂದೆ, ಜಿಂಕೆ ಹೊರಬಯಲಿನ ನಡುವಿನಲ್ಲಿ, ಎಡಗೈಯವಳು ಮೊದಲ ಬೇಸಿಗೆ. ಎರಡು ವರ್ಷ ಅವನು ಇದನ್ನೇ ತಿರುವುಮುರುವು ಮಾಡುತ್ತ ಬಂದಿದ್ದ. ಕೊನೆಯ ಹೆಸರು ಹೇಳುವಾಗ ಅವನ ಕಾಲುಗಳು ಆಗಲೇ ಗೇಟಿನ ಕಡೆ ತಿರುಗಿದ್ದವು. ಆ ಸಂಜೆ ಪೇಟೆಯಲ್ಲಿ ಒಂದು ಮದುವೆಯಿತ್ತು.

ವೈಜಯಂತಿ ನನ್ನೆದುರು ಬಂದು ನಿಂತಳು. “ಈಗ ನಾ ಏನ್ ಮಾಡ್ಲಿ, ಅಕ್ಕೋರ?”

“ಒಗಿ,” ಎಂದೆ.

ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಹೋದಳು. ನಡುವಿನ ಗುರುತಿನ ಮೇಲೆ ನಿಂತು, ಚೆಂಡನ್ನು ಎರಡು ಸಲ ತೊಡೆಗೆ ಉಜ್ಜಿ, ಗಿರಣಿಯ ಚಕ್ರ ತಿರುಗಿದಂತೆ ಬಲಗೈಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಬಿಟ್ಟಳು. ಬ್ಯಾಟು ಹಿಡಿದಿದ್ದ ಹುಡುಗಿ ಚೆಂಡು ಹೋದ ಮೇಲೆ ಬ್ಯಾಟು ಬೀಸಿದಳು. ನಿದ್ದೆಯವಳ ಕೈಗವಸಿನಲ್ಲಿ ಚಟೀರೆಂದು ಸದ್ದಾಯಿತು. ಆ ಕ್ಷಣದಿಂದ ಆ ಹುಡುಗಿಗೆ ನಿದ್ದೆ ಬರಲಿಲ್ಲ.

ಮುಂದಿನ ಆಟದಲ್ಲಿ ನನ್ನ ಪಾತ್ರವನ್ನು ಕಡಿಮೆಮಾಡಿ ಹೇಳುವವರಿದ್ದಾರೆ. ಕೋಚ್ ಆದವರು ಟೊಪ್ಪಿಗೆ ಮುಟ್ಟಿ, ಕಿವಿ ಹಿಡಿದು ಓಡುವವರಿಗೆ ಗುಪ್ತ ಸನ್ನೆ ಮಾಡುವುದು ಪದ್ಧತಿಯೆಂದು ನನಗೆ ತಿಳಿದಿರಲಿಲ್ಲವಂತೆ. ನಾನು ಸೆರಗಿನಿಂದ ಬೆವರು ಒರೆಸಿಕೊಂಡದ್ದನ್ನೇ ಸನ್ನೆಯೆಂದು ಭಾವಿಸಿ ಜಿಂಕೆ ಓಡಿದಳಂತೆ. ಆಚೆಯವರು ಕಣ್ಣು ಬಿಡುವುದರೊಳಗೆ ಎರಡು ಬೇಸು ದಾಟಿದಳಂತೆ. ಜನ ಏನಾದರೂ ಹೇಳಿಕೊಳ್ಳಲಿ. ನಾನು ಅದನ್ನು ಯೋಚಿಸಿಯೇ ಒರೆಸಿಕೊಂಡದ್ದು. ಆಮೇಲೆಯೂ ಅಗತ್ಯ ಬಿದ್ದಾಗಲೆಲ್ಲ ಒರೆಸಿಕೊಂಡೆ. ಮೊದಲು ಒಂದು ರನ್ ಬಂತು, ಆಮೇಲೆ ಎರಡು ಒಟ್ಟಿಗೆ. ಎಡಗೈಯವಳು ಹೊಡೆದ ಚೆಂಡು ಖಾನಾವಳಿಯ ಒಲೆಯ ಬೂದಿಯಲ್ಲಿ ಸಿಕ್ಕಿತು, ಅದಕ್ಕೆ ಇನ್ನೊಂದು ರನ್. ಆಚೆಯವರ ಲೆಕ್ಕ ಐದರಲ್ಲಿಯೇ ನಿಂತಿತ್ತು. ವೈಜಯಂತಿಯ ಕೈ ಅದನ್ನು ಅಲ್ಲಿಯೇ ಮೊಳೆ ಹೊಡೆದು ನಿಲ್ಲಿಸಿತ್ತು.

ಈ ನಡುವೆ ಸ್ಟ್ಯಾಂಡಿನಲ್ಲಿ ಒಂದು ಬದಲಾವಣೆಯಾಯಿತು. ಜನ ಮೈದಾನದ ಕಡೆ ಮುಖಮಾಡಿ ಕುಳಿತಿದ್ದರು. ಹಿಂದಕ್ಕೆ ತಿರುಗಿ ಕೇಳುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ಅಭ್ಯಾಸ ಕೆಟ್ಟದ್ದು. ಒಮ್ಮೆ ನಾನು ತಪ್ಪು ಹುಡುಗಿಯನ್ನು ಬ್ಯಾಟಿಗೆ ಕಳಿಸಿದಾಗ ಮೇಲಿನಿಂದ ಕುಲಕರ್ಣಿಯ ದನಿ ಸ್ಪಷ್ಟವಾಗಿ ಕೇಳಿಸಿತು. ಸದರಿ ಕಾಯಿಯ ತೊಟ್ಟು ಒಣಗಿದೆಯೆಂದೂ, ಹೊರಗೆ ಬೂದಿ ಮೆತ್ತಿಕೊಂಡು 'ಗಂಭೀರ'ವಾಗಿ ಕಂಡರೂ ಒಳಗೆ ಬರಿಯ ಬೀಜವೆಂದೂ ಅವನು ಹೇಳುತ್ತಿದ್ದ. ಅವನ ತೊಡೆಯ ಮೇಲಿದ್ದದ್ದು ನನ್ನ ಕಾಯಿ. ವಾಕ್ಯರಚನೆ ಸಡಿಲವಾಗಿತ್ತು, ವಿಷಯದಲ್ಲಿ ಮಾತ್ರ ಸ್ವಲ್ಪ ಸತ್ತ್ವವಿತ್ತು. ನನ್ನ ಮುಖ ಬಿಸಿಯಾಯಿತು. ಮೇಲೆ ನೋಡದೆ, ಆ ಹುಡುಗಿಯನ್ನು ಕರೆದು, ಬೇರೆಯವಳನ್ನು ಕಳಿಸಿದೆ. ಅವಳು ಹೊಡೆದಳು. ಇಬ್ಬರು ಓಡಿ ಬಂದರು. ಬೋರ್ಡಿನ ಮೇಲೆ ನಮ್ಮ ಹೆಸರಿನ ಮುಂದೆ ಆರರ ಹಲಗೆ ತೂಗುಹಾಕಬೇಕಾದಾಗ, ತೂಗುಹಾಕುವವನು ಆ ಅಂಕಿ ಎಲ್ಲಿದೆಯೆಂದು ಪೆಟ್ಟಿಗೆಯಲ್ಲಿ ಬಹಳ ಹೊತ್ತು ಹುಡುಕಿದ.

ಕೊನೆಯ ಸರದಿ ಆಚೆಯವರದು. ಅವರ ಇಬ್ಬರು ಔಟಾಗಿದ್ದರು. ಒಬ್ಬಳು ಓಡಲು ಸಿದ್ಧಳಾಗಿ ಮೂರನೆಯ ಬೇಸಿನ ಮೇಲೆ ನಿಂತಿದ್ದಳು. ಬ್ಯಾಟಿಗೆ ಬಂದವಳು ಅವರ ಪೈಕಿ ಎಲ್ಲರಿಗಿಂತ ಎತ್ತರದ ಹುಡುಗಿ. ಮೊದಲ ಚೆಂಡಿಗೆ ಬೀಸಿ ತಪ್ಪಿದಳು. ಎರಡನೆಯದನ್ನು ಬಿಟ್ಟಳು, ಅದು ಸರಿಯಾದ ಚೆಂಡೇ, ಬಿಟ್ಟದ್ದೂ ತಪ್ಪಿದ ಲೆಕ್ಕವೇ ಎಂದು ಅಂಪೈರ್ ತೀರ್ಪುಕೊಟ್ಟ. ಇನ್ನೊಂದು ತಪ್ಪಿದರೆ ಆಟ ನಮ್ಮದು. ತಾಗಿದರೆ ಏನೂ ಆಗಬಹುದು. ವೈಜಯಂತಿ ನನ್ನ ಕಡೆ ತಿರುಗಿ ನೋಡಿದಳು. ನನಗೆ ಬೆವರು ಹರಿಯುತ್ತಿತ್ತು. ಒರೆಸಿಕೊಂಡರೆ ಯಾರು ಎಲ್ಲಿಗೆ ಓಡುತ್ತಾರೋ ಎಂಬ ಭಯಕ್ಕೆ ಹಾಗೆಯೇ ನಿಂತೆ. ಎರಡೂ ಕೈ ತಂಬಿಗೆಯ ಮೇಲಿದ್ದವು. ಅವಳು ನಕ್ಕಂತೆ ಕಂಡಿತು. ಕೈ ತಿರುಗಿತು. ಎತ್ತರದ ಹುಡುಗಿ ತನ್ನ ಶಕ್ತಿಯನ್ನೆಲ್ಲ ಕೂಡಿಸಿ ಬೀಸಿದಳು. ಗಾಳಿ ಕೊಯ್ದ ಸದ್ದು ಬಂತು, ಅದರ ಬೆನ್ನಿಗೇ ಕೈಗವಸಿನ ಸದ್ದು.

“ಔಟ್,” ಎಂದ ಅಂಪೈರ್.

ಯಾರೂ ಕೂಗಲಿಲ್ಲ. ನಮ್ಮ ಊರಿಗೆ ಆ ಮುಂದಿನ ಭಾಗ ಗೊತ್ತಿರಲಿಲ್ಲ. ಸ್ಟ್ಯಾಂಡಿನಲ್ಲಿ ಕೆಲವರು ಎದ್ದರು, ಏಳುವುದು ಸರಿಯೋ ತಪ್ಪೋ ಎಂದು ಪಕ್ಕದವರನ್ನು ನೋಡಿ ಕುಳಿತರು. ಒಬ್ಬಿಬ್ಬರು ಚಪ್ಪಾಳೆಗೆ ಕೈಯೆತ್ತಿ, ತೊಡೆಯ ಮೇಲೆ ಕಾಯಿ ಇರುವುದು ನೆನಪಾಗಿ ಕೈಬಿಟ್ಟರು. ನಮ್ಮ ಹುಡುಗಿಯರು ತಮ್ಮ ತಮ್ಮ ಜಾಗಗಳಲ್ಲಿಯೇ ನಿಂತು ಇನ್ನೊಂದು ಚೆಂಡು ಬರಬಹುದೆಂದು ಕಾಯುತ್ತಿದ್ದರು. ಇಂಥ ಸಂದರ್ಭಕ್ಕೆ ತಕ್ಕ ಒಂದು ವಾಕ್ಯಕ್ಕಾಗಿ ನಾನೂ ತಡಕಾಡಿದೆ, ಒಂದೂ ಸಿಕ್ಕಲಿಲ್ಲ.

ವೈಜಯಂತಿ ನಡುವಿನ ಗುರುತಿನಿಂದ ಹೊರಟು, ಮೆಲ್ಲಗೆ ನಡೆದು, ಅಂಪೈರನ ಎದುರು ಹೋಗಿ ನಿಂತಳು. ಅವನು ಯಾವುದೋ ಮೂರನೆಯ ಊರಿನ ಬಡಕಲು ಮನುಷ್ಯ. ತಕರಾರು ಬಂತೆಂದು ಹೆದರಿ ಒಂದು ಹೆಜ್ಜೆ ಹಿಂದೆ ಸರಿದ.

“ಅದನ್ನ ಇನ್ನೊಮ್ಮೆ ಹೇಳ್ರಿ,” ಎಂದಳು.

“ಔಟ್,” ಎಂದ ಅವನು.

ಅವಳು ಕಣ್ಣುಮುಚ್ಚಿ ಕೇಳಿಸಿಕೊಂಡಳು. ಆಚೆಯ ಎತ್ತರದ ಹುಡುಗಿ ಬ್ಯಾಟನ್ನು ನೆಲಕ್ಕೂರಿ, ಅವಸರಪಡಿಸದೆ, ಪಕ್ಕದಲ್ಲಿ ನಿಂತಿದ್ದಳು.

“ಇನ್ನೊಮ್ಮೆ.”

ಅಂಪೈರ್ ಟೊಪ್ಪಿಗೆ ತೆಗೆದ. “ಔಟ್, ನಮ್ಮವ್ವ,” ಎಂದ, ಈ ಸಲ ತೀರ ಮೆತ್ತಗೆ. “ಆಟ ಮುಗೀತು. ನೀವ ಗೆದ್ದೀರಿ.”